ನೀರು ಬಿಡುವ ಕೀಲಿ

ಮಾರ್ಚ್ 3, ಸೋಮವಾರ

ಹದಿನಾಲ್ಕನೇ ಫಲಕ ಮುಗಿಯಿತು. ತೊಂಬತ್ತು ಪದ ಇತ್ತು, ಅರವತ್ತಕ್ಕೆ ಇಳಿಸಿದೆ. ಅದಕ್ಕಿಂತ ಹೆಚ್ಚಾದರೆ ಜನ ಇತಿಹಾಸ ಬಿಟ್ಟು ಟಾಯ್ಲೆಟ್ ಹುಡುಕುತ್ತಾರೆ. ಮ್ಯೂಸಿಯಂ ಫಲಕ ಬರೆಯುವವಳ ಓದುಗರೆಲ್ಲ ನಿಂತೇ ಓದುವವರು. ಕೆಳಗೆ ನನ್ನ ಹೆಸರೂ ಇರುವುದಿಲ್ಲ. ಗೋಡೆಯೇ ಮಾತಾಡಿತು ಅಂದುಕೊಳ್ಳುತ್ತಾರೆ.

ವಸ್ತು: ನೀರು ಬಿಡುವ ಕೀಲಿ. ಎದೆಯೆತ್ತರದ ಕಬ್ಬಿಣದ ಸರಳು, ತುದಿಗೆ ಅಡ್ಡಹಿಡಿ. ಹಿಂದೆ ಒಂದು ಬೇಸಿಗೆ, ಮೇಲ್ಬೀದಿಯ ಹೂದೋಟಗಳು ಒಣಗಬಾರದೆಂದು ನೀರಿನ ಇಲಾಖೆ ಕೆಳಬೀದಿಯ ವಾಲ್ವ್ ಮುಚ್ಚಿಸಿತು. ಕೆಳಬೀದಿಯ ಹೆಂಗಸರು ಇಲಾಖೆಯ ಈ ಕೀಲಿಯಿಂದ ತಾವೇ ನೀರು ಬಿಟ್ಟುಕೊಂಡರು. ಅವರಲ್ಲಿ ಈಗ ಉಳಿದಿರುವವರು ದೊಡ್ಡಮ್ಮ ಒಬ್ಬರೇ — ನನಗೆ ಮಾತ್ರವಲ್ಲ, ಇಡೀ ಬೀದಿಗೇ ದೊಡ್ಡಮ್ಮ. ಇಷ್ಟು ವರ್ಷ ಕೀಲಿ ಇದ್ದದ್ದು ಅವರ ಮನೆ ಬಾಗಿಲ ಹಿಂದೆ. ಈಗ ನಮಗೆ ಎರವಲು.

ವಸ್ತು ಕೊಟ್ಟವರಿಗೆ ಓದಿ ಹೇಳದೆ ಫಲಕವನ್ನು ಗೋಡೆಗೆ ಹಾಕಿಸುವವಳಲ್ಲ ನಾನು. ಸಂಜೆ ಹೋಗಿ ಓದಿದೆ.

“‘ಪ್ರತಿಭಟಿಸಿ ಪಡೆದರು’ ಅಂತ ಯಾಕೆ ಹಾಕಿದೀಯ?”

“ಗೌರವವಾಗಿರ್ಲಿ ಅಂತ, ದೊಡ್ಡಮ್ಮ.”

“ಗೌರವ ನೀನೇ ಇಟ್ಕೋ. ಕಿತ್ಕೊಂಡ್ರು ಅಂತ ಹಾಕು. ನನ್ನ ಮೊಣಕೈ ಇವತ್ತಿಗೂ ನೋಯತ್ತೆ.”

ಹಾಕಿದೆ. ಇದೇ ಮಾತು ಗೋಡೆ ಮೇಲೆ ಇರತ್ತಾ ಎಂದು ಕೇಳಿದರು. ಇರತ್ತೆ ಎಂದೆ. ಮಾತು ಕೊಟ್ಟಾಯಿತು.

ಮಾರ್ಚ್ 6, ಗುರುವಾರ

ಫಲಕ ಮುಗಿದಿಲ್ಲ. ಡೈರೆಕ್ಟರ್ ಮೇಡಂ ಕೆಂಪು ಪೆನ್ನು ಓಡಿಸಿದ್ದಾರೆ. ಹೊಸ ಸಾಲು: ‘ನೀರಿನ ಅಭಾವದ ದಿನಗಳಲ್ಲಿ ಇಲಾಖೆಯು ಮಹಿಳೆಯರ ಮೇಲೆ ವಿಶ್ವಾಸವಿಟ್ಟು ಈ ಕೀಲಿಯನ್ನು ಹಸ್ತಾಂತರಿಸಿತು.’ ಹಸ್ತಕ್ಕೂ ಹಸ್ತಕ್ಕೂ ಎಂಥ ಅಂತರ!

“ಮೇಡಂ, ಇದು ಸುಳ್ಳು.”

“ಸುಳ್ಳಲ್ಲ ಕಣ್ರೀ, ಬ್ಯಾಲೆನ್ಸು. ಆಗ ಇಲಾಖೆ ಮುಖ್ಯಸ್ಥರು ಯಾರಾಗಿದ್ರು, ಗೊತ್ತಲ್ಲ?”

ಗೊತ್ತು. ನಮ್ಮ ಟ್ರಸ್ಟಿನ ಅಧ್ಯಕ್ಷರ ತಂದೆ. ಈ ಹೊಸ ಗ್ಯಾಲರಿ ಎದ್ದದ್ದೂ ಅಧ್ಯಕ್ಷರ ಕೃಪೆಯಿಂದ.

“ಇತಿಹಾಸಕ್ಕೂ ಒಂದು ಇತಿಮಿತಿ ಇರ್ಬೇಕು,” ಎಂದರು ಮೇಡಂ. ಪಾಪ, ತಮಗೇ ಗೊತ್ತಿಲ್ಲದೆ ನನ್ನ ಕಸುಬಿಗೆ ಕೈಹಾಕಿದರು.

ಹೋಗುವಾಗ ನೆನಪಿಸಿದರು — ನನ್ನ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಗುತ್ತಿಗೆ... ಒಂದಕ್ಷರ ಆಚೀಚೆಯಾದರೆ ಕುತ್ತಿಗೆ.

ಮಾರ್ಚ್ 7, ಶುಕ್ರವಾರ

ನಮ್ಮವರದು ಕನ್ನಡಕದ ಅಂಗಡಿ. ಎಲ್ಲ ಹೇಳಿಕೊಂಡೆ.

“ಆ ಸಾಲನ್ನ ತೀರಾ ಸಣ್ಣಕ್ಷರದಲ್ಲಿ ಹಾಕ್ಸು ಕಣೇ. ನನಗಾದ್ರೂ ವ್ಯಾಪಾರ ಆಗತ್ತೆ.”

ನಗಲಿಲ್ಲ ನಾನು.

“ದೊಡ್ಡಮ್ಮನಿಗೆ ಹೇಳಿದ್ಯಾ?”

“ಇಲ್ಲ ರೀ.”

“ನಿನಗೆ ಹೆದ್ರಿಕೆ ಯಾರದು? ಅಧ್ಯಕ್ಷರದೋ, ದೊಡ್ಡಮ್ಮಂದೋ?”

ಕೇಳಿ, ಏನೂ ಆಗದವರ ಹಾಗೆ ಲೆನ್ಸ್ ಒರೆಸುತ್ತಾ ಕೂತರು. ಇಂಥ ಗಂಡ ಮನೆಯಲ್ಲಿದ್ದರೆ ಆತ್ಮಸಾಕ್ಷಿ ಅಂತ ಬೇರೆ ಇಟ್ಟುಕೊಳ್ಳಬೇಕಿಲ್ಲ.

ಮಾರ್ಚ್ 15, ಶನಿವಾರ

ಬರೆಯುವ ಮನಸ್ಸಿರಲಿಲ್ಲ. ‘ಹಸ್ತಾಂತರ’ ಅಚ್ಚಾಗಿ ಗೋಡೆಗೇರಿತು. ಎರಡು ಸಲ ತಕರಾರು ಬರೆದುಕೊಟ್ಟೆ. ಎರಡೂ ಮೇಡಂ ಡ್ರಾಯರಿನಲ್ಲಿ ಪುರಾತನ ವಸ್ತುಗಳಾದವು.

ಇವತ್ತು ದೊಡ್ಡಮ್ಮನ ಮನೆಗೆ ಹೋದೆ. ಕೂತುಕೊಳ್ಳಲಿಲ್ಲ. ಹೊಸ ಸಾಲನ್ನು ನಿಂತೇ ಓದಿದೆ. ಮಾತು ಉಳಿಸಿಕೊಳ್ಳಲು ಆಗಲಿಲ್ಲ, ಕೀಲಿ ವಾಪಸ್ ತಂದುಕೊಡುತ್ತೇನೆ ಎಂದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ.

“ಉದ್ಘಾಟನೆಗೆ ನನ್ನ ಕರ್ದಿದಾರಲ್ಲ. ಅಲ್ಲೇನು ಮಾಡ್ಬೇಕಂತೆ ನಾನು?”

“ಅಧ್ಯಕ್ಷರು ವೇದಿಕೆ ಮೇಲೆ ಕೀಲಿ ನಿಮ್ಮ ಕೈಗೆ ಕೊಡ್ತಾರೆ. ಫೋಟೋಗೆ.”

“ಕೊಡ್ತಾರಾ?”

ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಕೀಲಿ ಅಲ್ಲೇ ಇರ್ಲಿ ಬಿಡು. ಬರ್ತೀನಿ.”

ಮಾರ್ಚ್ 22, ಶನಿವಾರ, ಬೆಳಿಗ್ಗೆ 9

ಉದ್ಘಾಟನೆ. ನಿರೂಪಣೆ ನನ್ನದು. ಓದಬೇಕಾದ ಹಾಳೆಯನ್ನು ಮೇಡಂ ನನ್ನ ಕೈಗೇ ಕೊಟ್ಟಿದ್ದಾರೆ. ಅದೇ ಸಾಲು. ಅಂಗೈ ಬೆವರಿ ‘ವಿಶ್ವಾಸ’ ಆಗಲೇ ಅಳಿಸಿಹೋಗಿದೆ.

ಸಂಜೆ 6

ಇದನ್ನು ಇವತ್ತೇ ಬರೆಯಬೇಕು.

ಅಧ್ಯಕ್ಷರು ಕೀಲಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ದೊಡ್ಡಮ್ಮ ಕೈ ಕಟ್ಟಿಕೊಂಡು ನಿಂತರು. ಅಧ್ಯಕ್ಷರು ಇನ್ನೊಂದು ಹೆಜ್ಜೆ ಹತ್ತಿರ ಬಂದರು. ಉಹುಂ. ಕ್ಯಾಮೆರಾದವನು “ಅಜ್ಜೀ, ತಗೊಳ್ಳಿ!” ಎಂದ.

ಮೈಕ್ ಪಕ್ಕದಲ್ಲೇ ಇತ್ತು. ದೊಡ್ಡಮ್ಮನ ಮಾತು ಎಲ್ಲರಿಗೂ ಕೇಳಿಸಿತು.

“ಹಿಂಗೆ ಯಾರೂ ಕೊಡ್ಲಿಲ್ಲ ಕಣಪ್ಪಾ. ಗಟ್ಟಿಯಾಗಿ ಹಿಡ್ಕೋ.”

ಪಾಪ, ಹಿಡಿದುಕೊಂಡರು!

ದೊಡ್ಡಮ್ಮ ಕಾಲು ಊರಿ, ಒಂದೇ ಎಳೆತಕ್ಕೆ ಕಿತ್ತುಕೊಂಡರು. ಅಧ್ಯಕ್ಷರು ಮುಗ್ಗರಿಸಿ ಹೂಗುಚ್ಛಗಳ ಮೇಜಿಗೆ ಆತುಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಕೆಳಬೀದಿಯವರು.

ದೊಡ್ಡಮ್ಮ ನನ್ನ ಕಡೆ ತಿರುಗಿದರು. “ಈಗ ಓದು.”

ಹಾಳೆ ಮಡಚಿದೆ. ಹಳೆಯ ಅರವತ್ತು ಪದ ಬಾಯಿಪಾಠವಿತ್ತು. ‘ಕಿತ್ತುಕೊಂಡರು’ ಬಂದಾಗ ದನಿ ಏರಿಸಿದೆ.

ಕೀಲಿ ಹೆಗಲ ಮೇಲಿಟ್ಟುಕೊಂಡು ದೊಡ್ಡಮ್ಮ ಮುಂಬಾಗಿಲಿಂದಲೇ ಮನೆಗೆ ನಡೆದರು. ಯಾರೂ ತಡೆಯಲಿಲ್ಲ. ಅವರದೇ ಕೀಲಿ.

ಮಾರ್ಚ್ 24, ಸೋಮವಾರ

ಕ್ಷಮಾಪಣೆ ಬರೆದುಕೊಟ್ಟರೆ ಗುತ್ತಿಗೆ ಮುಂದುವರಿಯುತ್ತದಂತೆ.

“ಯಾವುದಕ್ಕೆ ಕ್ಷಮೆ, ಮೇಡಂ?”

“ಓದಿದ್ದಕ್ಕೆ.”

“ಓದು ಅಂತ ನಿಲ್ಸಿದ್ದು ನೀವೇ ಅಲ್ವಾ?”

ಬರೆಯುವುದಿಲ್ಲ ಎಂದೆ. ಬರೆಯುವುದೇ ಕೆಲಸವಾದವಳು ಹಾಗನ್ನಲು ಇಷ್ಟು ವರ್ಷ ಬೇಕಾಯಿತು.

ದೊಡ್ಡಮ್ಮ ಹೇಳಿಕಳಿಸಿದ್ದಾರೆ: ಹಳೇ ಮಾತು ಗೋಡೆಗೆ ಬಂದ ದಿನ ಕೀಲಿನೂ ಬರತ್ತೆ. ವಸ್ತು ಬೇಕು, ವಸ್ತುಸ್ಥಿತಿ ಬೇಡ ಅಂದವರಿಗೆ ಈಗ ಎರಡೂ ಇಲ್ಲ. ಗಾಜಿನ ಪೆಟ್ಟಿಗೆ ಖಾಲಿ. ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ. ಕೀಲಿ ಇದ್ದಾಗ ಇಷ್ಟು ಜನ ನಿಂತಿರಲಿಲ್ಲ!

ಮಾರ್ಚ್ 31, ಸೋಮವಾರ, ಮಧ್ಯಾಹ್ನ 3

ಕೊನೆಯ ದಿನ. ಕೊನೆಯ ಕೆಲಸ: ಖಾಲಿ ಪೆಟ್ಟಿಗೆಗೆ ಚೀಟಿ. ‘ದುರಸ್ತಿಗಾಗಿ ತೆಗೆಯಲಾಗಿದೆ’ ಎಂದು ಬರೆಯಬೇಕಂತೆ. ಕಬ್ಬಿಣಕ್ಕೆ ಏನಾಗಿದೆ ದುರಸ್ತಿಗೆ? ದುರಸ್ತಿ ಬೇಕಾದದ್ದು ಪಕ್ಕದ ಗೋಡೆಗೆ.

ನಾನು ಬರೆದದ್ದು: ‘ಕೆಳಬೀದಿಯ ನೀರು ನಿಲ್ಲಿಸಿದ ಬೇಸಿಗೆಯಲ್ಲಿ ಅಲ್ಲಿನ ಹೆಂಗಸರು ಈ ಕೀಲಿ ಕಿತ್ತುಕೊಂಡರು. ಯಾರೂ ಕೊಡಲಿಲ್ಲ. ಕೊಟ್ಟರೆಂದು ನಾವು ಬರೆದದ್ದಕ್ಕೆ ಒಡತಿ ಅದನ್ನು ಮನೆಗೆ ಒಯ್ದಿದ್ದಾರೆ.’

ಅರವತ್ತು ಪದ ಬೇಕಾಗಲೇ ಇಲ್ಲ. ಉಳಿದ ಜಾಗದಲ್ಲಿ, ಮೊದಲ ಸಲ, ನನ್ನ ಹೆಸರು. ದಪ್ಪಕ್ಷರದಲ್ಲಿ. ನಮ್ಮವರ ವ್ಯಾಪಾರ ಹೋದರೆ ಹೋಗಲಿ.

ಅಂಟಿಸಿದೆ. ಎದುರು ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆಗಲೇ ಆರೇಳು ಜನ ಸೇರಿದ್ದಾರೆ. ಒಬ್ಬಾಕೆ ಗಟ್ಟಿಯಾಗಿ ಓದುತ್ತಿದ್ದಾಳೆ.

ಮೇಡಂ ಬಂದರು. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದರು. ಓದುತ್ತಿದ್ದಾರೆ. ನಿಂತೇ. ಈಗ ಅವರ ಕಣ್ಣು ನನ್ನ ಹೆಸರಿನ ಹತ್ತಿರ—