ಜೋರಾಗಿ ಬಾರಿಸು

ಅಪ್ಪನಿಗೆ ನಮಸ್ಕಾರ.

ನೀವು ಎದೆಯುಬ್ಬಿಸಿಕೊಂಡು ನಮ್ಮ ಕಾಲೇಜಿನ ಸಂಗೀತ ಸಂಶೋಧನೆಗೆ ಕೊಟ್ಟ ನನ್ನ ಹಳೆಯ ಪಿಯಾನೊ ಪಾಠದ ಹಾಳೆಗಳನ್ನು ಈಗ ಕಂಪ್ಯೂಟರಿಗೆ ಏರಿಸಲು ಕಲಿಯುತ್ತಿದ್ದೇನೆ. ಪ್ರತಿ ಸ್ವರಕ್ಕೂ, ಅದರ ಮೇಲಿನ ಪ್ರತಿ ಗುರುತಿಗೂ ಅರ್ಥ ಬರೆದರೇನೇ ಅದು ಒಪ್ಪುವುದು. ನಿಮ್ಮ ಕೆಂಪು ಗೀಟುಗಳನ್ನು ಕಂಡು ಇದನ್ನು ಕಲಿಸುವ ನಮ್ಮ ಮೇಡಂ ಕುಣಿದಾಡಿಬಿಟ್ಟರು. “ಇಲ್ಲಿ ಜೋರಾಗಿ ಬಾರಿಸು ಅಂತ ಕಣೇ ಇದು!” ಅಂದರು. ಹಾಗೇ ಬರೆದೆ. ಕಂಪ್ಯೂಟರ್ ನುಡಿಸಿತು. ಗೀಟು ಬಂದಲ್ಲೆಲ್ಲ ಸ್ವರ ಸಿಡಿಯಿತು. ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಂಡವು.

“ಬಾರಿಸಿದ್ದು ಹೌದು ಮೇಡಂ. ಪಿಯಾನೊವನ್ನಲ್ಲ, ನನ್ನನ್ನ. ತಪ್ಪಿದಾಗೆಲ್ಲ ಅಪ್ಪ ಬೆತ್ತದಲ್ಲಿ ಬೆರಳ ಗೆಣ್ಣಿಗೆ ಕೊಟ್ಟು, ಆಮೇಲೆ ಗೀಟು ಎಳೀತಿದ್ರು,” ಅಂದೆ. ನೀವು ನನ್ನ ಕಿರುಬೆರಳು ಮುರಿದ ಸ್ವರದ ಮೇಲೆ ಗೀಟು ಹಾಳೆಯನ್ನೇ ಹರಿದಿದೆ. ಮೇಡಂ ಸ್ಪೀಕರ್ ಆರಿಸಿದರು.

ನಿನ್ನೆ ತಂಗಿ ಫೋನಿನಲ್ಲಿ, “ಅಕ್ಕಾ, ನನ್ನ ಹಾಳೇಲೂ ಕೆಂಪು ಗೀಟು ಶುರುವಾಯ್ತು,” ಅಂದಳು.

ಭಾನುವಾರ ಬಂದು ಅವಳನ್ನು ಕರೆದೊಯ್ಯುತ್ತೇನೆ. ಬಟ್ಟೆ, ಶಾಲೆಯ ಚೀಲ ಕಟ್ಟಿಡಿ. ಬೆತ್ತವನ್ನು ಮುರಿದು ಹೊರಗೆಸೆಯಿರಿ. ಅದು ನನ್ನ ಕೈಗೆ ಸಿಕ್ಕರೆ ನಿಮ್ಮ ಒಂದು ಬೆರಳೂ ನೆಟ್ಟಗೆ ಉಳಿಯುವುದಿಲ್ಲ. ಹಿರಿಮಗಳು ಚೆನ್ನಾಗಿ ಬಾರಿಸುತ್ತಾಳೆ ಎಂದು ನೀವೇ ಊರೆಲ್ಲ ಹೇಳಿಕೊಂಡು ತಿರುಗಿದ್ದೀರಿ.

ಇಂತಿ,
ಆ ಹಿರಿಮಗಳು