ಅಳತೆ ಪುಸ್ತಕದ ಅರ್ಥ

ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ

ಮಹಾಜ್ಞಾನಿ ಅಣ್ಣನಿಗೆ,

ನಿನ್ನ ತಂಗಿಯ ಕೋಪಪೂರ್ವಕ ನಮಸ್ಕಾರ. ಆರೋಗ್ಯವೇ? ಬೆಟ್ಟದ ಗಾಳಿಗೆ ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಬರೆದಿದ್ದೀಯ, ಓದಿ ಹೊಟ್ಟೆ ಉರಿಯಿತು. ನಾನಂತೂ ಚೆನ್ನಾಗಿಲ್ಲ. ಅಪ್ಪ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ನೀನು ಯಾವಾಗ ಬರುತ್ತೀಯ ಎಂದು ದಿನಾ ನನ್ನನ್ನೇ ಕೇಳುತ್ತಾರೆ, ನಾನೇ ನಿನ್ನನ್ನು ಎಲ್ಲೋ ಬಚ್ಚಿಟ್ಟಿರುವ ಹಾಗೆ.

ಬದುಕಿನ ಅರ್ಥ ಹುಡುಕುತ್ತೇನೆ ಎಂದು ಹೊರಟು ಮೂರು ತಿಂಗಳಾಯಿತು. ಹುಡುಕು, ಬೇಡ ಎಂದವರಾರು? ಆದರೆ ನೀನು ಬಿಟ್ಟುಹೋದ ಅಳತೆ ಪುಸ್ತಕದ ಅರ್ಥ ಯಾರು ಹೇಳಬೇಕು? ಗಿರಾಕಿಗಳ ಹೆಸರಿರಬೇಕಾದ ಕಡೆಯೆಲ್ಲ ನೀನಿಟ್ಟ ಅಡ್ಡಹೆಸರುಗಳು. ಒಂಟೆ ಯಾರು, ಊದುಗೊಳವೆ ಯಾರು, ಆ ದೇವರಿಗೇ ಗೊತ್ತು. ಮೊನ್ನೆ ನಿವೃತ್ತ ಹೆಡ್‌ಮಾಸ್ತರು ಕೋಟು ಹೊಲಿಸಲು ಬಂದರು. ಹೊಸದಾಗಿ ಅಳೆಯುತ್ತೇನೆ ಎಂದರೆ ಕೇಳದೆ, ತಾವೇ ಪುಸ್ತಕ ಎಳೆದುಕೊಂಡು ಹುಡುಕಿದರು. ‘ಕೊಡಪಾನ. ಹೊಟ್ಟೆ ನಲವತ್ನಾಲ್ಕು. ಉಸಿರು ಬಿಗಿಹಿಡಿದಾಗ ನಲವತ್ತೆರಡು’ ಎಂದು ಗಟ್ಟಿಯಾಗಿ ಓದಿದರು. ಹಾಗೆ ಉಸಿರು ಬಿಗಿಹಿಡಿಯುವವರು ತಾವೇ ಎಂದು ಹೊಳೆದದ್ದು ಆಮೇಲೆ. ಕೋಟಿನ ಬಟ್ಟೆ ಎತ್ತಿಕೊಂಡು ಎದುರಿನ ದರ್ಜಿ ಅಂಗಡಿಗೆ ಹೋದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ನಿನಗೆ ಮನಸಾರೆ ಬೈಯುತ್ತಾ.

ಬದುಕಿನ ಬಗ್ಗೆ ಯಾವತ್ತಾದರೂ ಯೋಚಿಸಿದ್ದೀಯಾ ಎಂದು ಕೇಳಿದ್ದೀಯ. ಯೋಚಿಸಿದ್ದೇನೆ, ಕಾಜ ಹೊಲಿಯುವಾಗ. ಒಂದು ಶರ್ಟಿಗೆ ಏಳು ಕಾಜ, ಅಷ್ಟು ಹೊತ್ತು ತಲೆಗೆ ಬೇರೇನು ಕೆಲಸ? ಗುಂಡಿ ಕಾಜದಲ್ಲಿ ಸರಿಯಾಗಿ ಕೂತರೆ ಅರ್ಥವಿದೆ, ಕೂರದಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕು. ನನ್ನ ತತ್ವ ಇಷ್ಟೇ, ಬೆಟ್ಟ ಹತ್ತದೆಯೇ ಸಿಕ್ಕಿದ್ದು. ಮೌನವೇ ಉತ್ತರ ಎಂದರಂತೆ ಬೆಟ್ಟದ ಮೇಲಿನ ನಿನ್ನ ಗುರುಗಳು. ಪ್ಯಾಂಟಿನ ಜಿಪ್ಪು ಕಿತ್ತುಹೋದ ದಿನ ಅವರೂ ಬಾಯಿ ಬಿಡುತ್ತಾರೆ, ಬೇಕಾದರೆ ನೋಡು.

ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಅಪ್ಪನ ಆಶೀರ್ವಾದವನ್ನು ಮಾತ್ರ ತಲುಪಿಸುತ್ತಿದ್ದೇನೆ.

ಇತಿ,
ಕತ್ತರಿ ಹಿಡಿದು ಕೂತಿರುವ ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಪುಸ್ತಕದ ಕೊನೆಯ ಪುಟ ನೋಡಿದೆ. ‘ಯಜಮಾನ್ರು’ ಎಂದಿದೆ. ತಿಂಗಳಿಗೊಮ್ಮೆ ಅಪ್ಪನ ಸೊಂಟ ಅಳೆದು ತಾರೀಖು ಹಾಕಿ ಬರೆದಿದ್ದೀಯ. ಮೂವತ್ತಾರು, ಮೂವತ್ತನಾಲ್ಕೂವರೆ, ಮೂವತ್ಮೂರು. ನನಗೊಂದು ಮಾತೂ ಹೇಳದೆ ಅವರ ಪ್ಯಾಂಟುಗಳನ್ನೆಲ್ಲ ಸಡಿಲ ಕಾಣದಂತೆ ಸೊಂಟದಲ್ಲಿ ಒಳಗಿಂದ ಹಿಡಿದು ಹೊಲಿದಿದ್ದೀಯ. ಕೊನೆಯ ಅಳತೆ ತೆಗೆದ ಮಾರನೇ ದಿನವೇ ನೀನು ಹೊರಟದ್ದು. ನೀನು ಅರ್ಥ ಹುಡುಕಲು ಹೋಗಲಿಲ್ಲ ಅಣ್ಣ, ಹೆದರಿ ಓಡಿದೆ. ಈಗಷ್ಟೇ ನಾನು ಟೇಪು ಹಿಡಿದೆ, ಇಪ್ಪತ್ತೊಂಬತ್ತು. ಬೆಲ್ಟಿಗೆ ತಾವೇ ಎರಡು ತೂತು ಕೊರೆದುಕೊಂಡಿದ್ದಾರೆ, ನಾನು ನೋಡಿಯೇ ಇರಲಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನನಗೂ ಹೆದರಿಕೆ. ಹೊರಟು ಬಾ.