ಸ್ಟೆನ್ಸಿಲ್ ಮೇಲೆ ಬರೆದ ಹೆಸರು

16 ಏಪ್ರಿಲ್ 1979, ಸೋಮವಾರ. ಸಂಜೆ

ಹೋಟೆಲಿಗೆ ವಾರದ ರಜೆ. ಆದರೂ ನಾಲ್ಕೂವರೆಗೇ ಎದ್ದದ್ದು. ಇಲ್ಲಿ ಕಳ್ವಾ ಊರಿನ ನಲ್ಲಿಗೆ ರಜೆ ಇಲ್ಲವಲ್ಲ. ರೂಮಿನಲ್ಲಿ ಹನ್ನೊಂದು ಜನ, ಎಲ್ಲ ಒಂದೇ ಹೋಟೆಲಿನವರು. ಹಗಲು ಥಾಣೆಯಲ್ಲಿ ಒಬ್ಬರಿಗೊಬ್ಬರು ತಾಗಿಕೊಂಡು ಕೆಲಸ, ಮತ್ತೆ ಇಲ್ಲಿ ತಾಗಿಕೊಂಡು ನಿದ್ರೆ. ಕುಶಲನ ಕಾಲು ನನ್ನ ಹೊಟ್ಟೆಯ ಮೇಲೆ. ತೆಗೆದಿಟ್ಟರೆ ಮತ್ತೆ ಹಾಕುತ್ತಾನೆ. ಕತ್ತೆ.

ನಾಟಕದ ಅಭ್ಯಾಸ ಶುರು. ಬೇಸಿಗೆಗೆ ನೈಟ್ ಸ್ಕೂಲು ಖಾಲಿ, ಅಲ್ಲೇ ಜಾಗ. ನಮಗೆ ಪಾಠ ಹೇಳುವ ಶಿವರಾಯ ಮಾಸ್ತರರು ತಾವೇ ಬರೆದ ನಾಟಕ, ‘ಪಾಲು ಕೇಳಿದ ಮಗ’. ಮೇ ತಿಂಗಳ ಮೂರು ಸೋಮವಾರ ಮೂರು ಆಟ — ಡೊಂಬಿವಲಿ, ಕಲ್ಯಾಣ, ಕೊನೆಗೆ ಥಾಣೆ. ನಾನು ದೊಡ್ಡಯ್ಯ, ಮನೆಯ ಯಜಮಾನ. ಕುಶಲ ನನ್ನ ಮಗ ರಾಘವ. ಪಾಲು ಕೇಳಿ ಮನೆ ಬಿಟ್ಟು ಹೋಗಿ, ಮೂರನೆಯ ಅಂಕದಲ್ಲಿ ತಿರುಗಿ ಬಂದು ಅಪ್ಪನ ಕಾಲು ಹಿಡಿಯಬೇಕು. ಇವತ್ತು ಹಿಡಿದವನು ಪಾದಕ್ಕೆ ಕಚಗುಳಿ ಇಟ್ಟ. ದೊಡ್ಡಯ್ಯನ ಗಾಂಭೀರ್ಯವೆಲ್ಲ ಮಣ್ಣುಪಾಲು.

ಮಾಸ್ತರರು ಕಲಬುರ್ಗಿ ಕಡೆಯವರು. “ಏನ್ ದನಿ ಅದಪಾ ಆನಂದ ನಿಂದು! ಖರೇನ ಗೌಡ ಇದ್ದಂಗ ಇದ್ದಿ ನೋಡು” ಎಂದರು.

ಗೌಡ! ಒಳಗೇ ನಕ್ಕೆ.

24 ಏಪ್ರಿಲ್, ಮಂಗಳವಾರ

ದಿನಾ ಮೂರರಿಂದ ನಾಲ್ಕೂವರೆ ಅಭ್ಯಾಸ. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಸಾಂಬಾರಿನ ವಾಸನೆ ಮೈಯಲ್ಲಿ ಹೊತ್ತುಕೊಂಡೇ ಓಡುವುದು. ಸೊಸೆಯ ಪಾತ್ರಕ್ಕೆ ಹುಡುಗಿ ಸಿಕ್ಕಳು. ಊರ್ಮಿಳಾ, ಡೊಂಬಿವಲಿಯವಳು, ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಮನೆಯವರು ವಿಜಾಪುರದವರು, ಇವಳು ಹುಟ್ಟಿದ್ದು ಇಲ್ಲೇ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿ, ಹಿಂದಿ. ಓದಲಿಕ್ಕಂತೂ ಬರುವುದಿಲ್ಲ. ಅವಳ ಮಾತುಗಳನ್ನೆಲ್ಲ ನಾನೇ ನಾಗರಿ ಲಿಪಿಯಲ್ಲಿ ಬರೆದುಕೊಟ್ಟೆ. ಎಲ್ಲರ ಪಾರ್ಟೂ ನಾನೇ ಕಾಪಿ ಮಾಡಿದ್ದು. ಅಕ್ಷರ ಚೆನ್ನಾಗಿದೆಯಂತೆ. ಹೊಗಳಿ ಹೊಗಳಿ ದುಡಿಸುತ್ತಾರೆ.

30 ಏಪ್ರಿಲ್, ಸೋಮವಾರ. ಉಲ್ಹಾಸನಗರದಿಂದ ಬಂದು

ಮಾಡಿಬಿಟ್ಟೆ.

ಹ್ಯಾಂಡ್‌ಬಿಲ್ ಸೈಕ್ಲೋಸ್ಟೈಲ್ ಮಾಡಿಸಲಿಕ್ಕೆ ಮಾಸ್ತರರೂ ನಾನೂ ಉಲ್ಹಾಸನಗರಕ್ಕೆ ಹೋದೆವು. ಅಂಗಡಿಯ ಸಿಂಧಿಗೆ ಕನ್ನಡ ಎಲ್ಲಿಂದ ಬರಬೇಕು? ಸ್ಟೆನ್ಸಿಲ್ ಹಾಳೆಯೂ ಮೊಳೆಯಂಥ ಪೆನ್ನೂ ನನ್ನ ಮುಂದಿಟ್ಟ. ಮಾಸ್ತರರು ಪರದೆ ಬಟ್ಟೆ ನೋಡಲು ಮಾರ್ಕೆಟ್ಟಿಗೆ ಹೋದರು. ನಾನು ಮೇಣದ ಹಾಳೆಯ ಮೇಲೆ ಗೀರಿ ಗೀರಿ ಬರೆದೆ. ನಾಟಕದ ಹೆಸರು, ಸ್ಥಳ, ಸಮಯ. ಪಾತ್ರವರ್ಗ. ದೊಡ್ಡಯ್ಯ...

ಅಲ್ಲಿ ಕೈ ನಿಂತಿತು.

ಇಲ್ಲಿ ನಾನು ಆನಂದ. ಆರು ವರ್ಷದಿಂದ. ಊರಿನಿಂದ ಕರೆದುಕೊಂಡು ಬಂದವನು ರೈಲಿನಲ್ಲೇ ಇಟ್ಟ ಹೆಸರು. “ಅಂಗಾರ ಅಂತ ಹೇಳಿದ್ರೆ ಕಪ್ಪು ತೊಳೀಲಿಕ್ಕೂ ಇಟ್ಟುಕೊಳ್ಳುದಿಲ್ಲ ಮಾರಾಯ” ಎಂದಿದ್ದ. ನಮ್ಮ ಕಡೆ ಆ ಹೆಸರು ಕೇಳಿದರೆ ಸಾಕು, ಯಾವ ಕೇರಿ, ಯಾವ ಜಾತಿ ಎಂದು ಬೇರೆ ಕೇಳಬೇಕಾಗಿಲ್ಲ. ತುಳುವಿನಲ್ಲಿ ಅಂಗಾರ ಎಂದರೆ ಮಂಗಳವಾರ; ಆ ದಿನ ಹುಟ್ಟಿದೆ ಎಂದು ಅಪ್ಪ ಪ್ರೀತಿಯಿಂದ ಇಟ್ಟದ್ದು ಅಷ್ಟೆ.

ಬರೆದೆ. ದೊಡ್ಡಯ್ಯ — ಅಂಗಾರ.

ತಪ್ಪಿದರೆ ಅಳಿಸಲು ಕೆಂಪು ದ್ರವದ ಬಾಟಲಿ ಇರುತ್ತದೆ. ಮೇಜಿನ ಮೇಲೇ ಇತ್ತು, ಮುಚ್ಚಳ ತೆಗೆದೇ ಇತ್ತು. ಮುಟ್ಟಲಿಲ್ಲ. “ಪಾಂಚ್ ಸೌ” ಎಂದೆ. ಸಿಂಧಿ ಹ್ಯಾಂಡಲ್ ತಿರುಗಿಸಿದ.

ಮಾಸ್ತರರು ಬಂದು ಓದಿದರು. “ಅಂಗಾರ ಯಾರೋ ಇಂವಾ?”

“ನಾನು, ಮಾಸ್ತರೇ.”

“ಹಂಗಾರ ಆನಂದ ಯಾರು?”

“ಅವನು ಸುಳ್ಳು.”

ರೈಲಿನಲ್ಲಿ ಎಲ್ಲ ಹೇಳಿದೆ. ಮಾಸ್ತರರು ಕಿಟಕಿಯಾಚೆ ನೋಡುತ್ತಾ ಕೂತರು.

ಯಾಕೆ ಬರೆದೆ? ನಾಟಕ ಚೆನ್ನಾಗಿ ಆಗುತ್ತದೆ, ನನಗೆ ಗೊತ್ತು. ಚಪ್ಪಾಳೆ ಬೀಳುತ್ತದೆ. ಅದೆಲ್ಲ ಆನಂದನಿಗೆ ಹೋಗಬೇಕೇ? ಆ ಆನಂದ ಯಾರು? ಆರು ವರ್ಷ ಅವನಿಗೆ ನನ್ನ ಬೆವರು ಕೊಟ್ಟೆ. ಇದನ್ನು ಕೊಡುವುದಿಲ್ಲ.

1 ಮೇ, ಮಂಗಳವಾರ

ಬೆಳಿಗ್ಗೆ ರೂಮಿನಲ್ಲಿ ಹಂಚಿದೆ. ಕುಶಲ ಮೊದಲು ತನ್ನ ಹೆಸರು ಹುಡುಕಿದ. ಆಮೇಲೆ ನನ್ನದು. ನಕ್ಕ. “ಎಂತ ಇದು? ಆ ಸಿಂಧಿ ತಪ್ಪು ಮಾಡಿದ್ದಾ?”

“ಬರೆದದ್ದು ನಾನೇ. ನನ್ನದೇ ಹೆಸರು.”

“ಬಿಡು ಮಾರಾಯ, ತಮಾಷೆ.”

“ತಮಾಷೆ ಅಲ್ಲ.”

ಅವನ ಮುಖದಿಂದ ನಗು ಇಳಿಯುವುದನ್ನು ನೋಡಿದೆ. ಬೇರೆಯವರಲ್ಲಿ ಒಬ್ಬ ನೀರಿನ ಕೊಡಪಾನವನ್ನು ಮೂಲೆಯಿಂದ ತೆಗೆದು ಮೇಲಿನ ಕಟ್ಟೆಗೆ ಇಟ್ಟ. ಎಲ್ಲರ ಎದುರೇ ಎದ್ದು ಹೋಗಿ, ಅದೇ ಕೊಡಪಾನದಿಂದ ಎರಡು ಲೋಟ ಕುಡಿದೆ. ಒಂದೇ ಸಾಕಿತ್ತು. ಎರಡು ಕುಡಿದೆ.

ಊರ್ಮಿಳಾ ಮಾತ್ರ ಹ್ಯಾಂಡ್‌ಬಿಲ್ಲಿನ ಹೆಸರು ಯಾರಿಂದಲೋ ಓದಿಸಿಕೊಂಡು ಕುಣಿದಳು. “ಅಂಗಾರ್? ಅರೇ, ಏಕದಮ್ ಹೀರೋ ಕಾ ನಾಮ್ ಹೈ!” ಹಿಂದಿಯಲ್ಲಿ ಕೆಂಡ ಅಂತಂತೆ. ಬಡಪಾಯಿ ಹುಡುಗಿ, ಇನ್ನೇನೂ ತಿಳಿಯದು. ಆದರೂ ಖುಷಿಯಾಯಿತು.

3 ಮೇ, ಗುರುವಾರ

ಹೋಟೆಲಿನ ಧಣಿ ಕರೆದರು. ವಸಂತಕುಮಾರ ಧಣಿ ಬಯ್ಯುವವರಲ್ಲ. ಸಮಾಧಾನದಲ್ಲಿ ಹೇಳಿದರು, ಅದು ಇನ್ನೂ ಕಷ್ಟ. “ನೀನು ಯಾರು ಅಂತ ನಾನು ಕೇಳಿದ್ದುಂಟಾ? ಇಲ್ಲ. ಇನ್ನೂ ಕೇಳುದಿಲ್ಲ. ಹೊಸ ಹ್ಯಾಂಡ್‌ಬಿಲ್ ಮಾಡಿಸು, ಆನಂದ ಅಂತ. ಗಿರಾಕಿಗಳು ನಮ್ಮ ಊರಿನವರು, ನಾಳೆ ಮಾತಾಡ್ತಾರೆ. ಮಳೆಗಾಲ ಕಳೀಲಿ, ನಿನ್ನನ್ನು ಗಲ್ಲಾದಲ್ಲಿ ಕೂರಿಸ್ತೇನೆ.”

ಗಲ್ಲಾದಲ್ಲಿ ಕೂರುವುದು ಎಂದರೆ ಟ್ರೇ ಹೊರಬೇಕಾಗಿಲ್ಲ. ಬಿಳಿ ಶರ್ಟು. ಫ್ಯಾನಿನ ಕೆಳಗೆ ಕುರ್ಚಿ. ಆಸೆಯಾಗಲಿಲ್ಲ ಎಂದರೆ ಸುಳ್ಳು.

“ಹಂಚಿ ಆಯ್ತು ಧಣಿ” ಎಂದೆ.

“ಉಳಿದದ್ದು?”

“ಅದನ್ನೂ ಹಂಚುತ್ತೇನೆ.”

ಮಧ್ಯಾಹ್ನದಿಂದ ನನಗೆ ಸಪ್ಲೈ ಇಲ್ಲ, ಮೇಜು ಒರೆಸುವ ಕೆಲಸ. ಒರೆಸಿದೆ. ಮುಖ ಕಾಣುವ ಹಾಗೆ ಒರೆಸಿದೆ.

8 ಮೇ, ಮಂಗಳವಾರ. ಬೆಳಿಗ್ಗೆ

ನಿನ್ನೆ ಡೊಂಬಿವಲಿಯ ಆಟ. ಹಾಲ್ ಮುಕ್ಕಾಲು ತುಂಬಿತ್ತು. ನನ್ನ ಮೊದಲ ಮಾತಿಗೇ ಚಪ್ಪಾಳೆ.

ಮೂರನೆಯ ಅಂಕ. ಕುಶಲ ಓಡಿ ಬಂದ, ಮಂಡಿಯೂರಿದ, ನನ್ನ ಕಾಲಿನಿಂದ ಒಂದು ಮೊಳ ದೂರದಲ್ಲಿ ನೆಲ ಮುಟ್ಟಿ ಎದ್ದ. ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು, ಅವನಿಗೆ ತಿಳಿಯಿತು. “ಏಳು ಮಗ, ಮನೆ ನಿನ್ನದೇ” ಎಂಬ ಮಾತು ನಾಲಿಗೆಗೆ ಬೇವಿನಂತೆ ಹತ್ತಿತು. ಹೇಳಿದೆ, ಪರದೆ ಬಿತ್ತು.

ಒಂದು ಮೊಳ! ಆರು ವರ್ಷ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದವನು!

9 ಮೇ, ಬುಧವಾರ

ಕುಶಲನನ್ನು ಸ್ಟೇಷನ್ ಸೇತುವೆಯ ಮೇಲೆ ಹಿಡಿದು ನಿಲ್ಲಿಸಿದೆ.

“ನನ್ನದೆಂತ ಇಲ್ಲ ಮಾರಾಯ” ಎಂದ. “ತಂಗಿಗೆ ಸಂಬಂಧ ಬಂದುಂಟು. ಆಟ ನೋಡಿದವರು ಊರಿಗೆ ಕಾಗದ ಬರೀತಾರೆ. ಅಂಗಾರನ ಕಾಲು ಹಿಡ್ದ ಅಂತ ಆದ್ರೆ ಜಯಲತಾಳ ಗತಿ ಎಂತ, ಹೇಳು?”

“ನಿನ್ನ ಅಪ್ಪನನ್ನು ದೊಡ್ಡ ಜಾತಿಯವರು ಅಂಗಳದಲ್ಲಿ ಕೂರಿಸಿ ಬಡಿಸುತ್ತಿದ್ದರು ಅಂತ ಅತ್ತವ ನೀನೇ ಅಲ್ವಾ?”

“ಹೌದು. ಅದಕ್ಕೇ ಹೆದರಿಕೆ.”

ಹಾಗೆ ನಿಜ ಹೇಳಿಬಿಟ್ಟರೆ ಹೊಡೆಯುವುದಾದರೂ ಹೇಗೆ? ಕೈ ಬಿಟ್ಟೆ. ಆದರೆ ಸಿಟ್ಟು ಇಳಿಯಲಿಲ್ಲ.

ಮಾಸ್ತರರು ಒಂದು ದಾರಿ ಹುಡುಕಿದರು. “ಕಾಲ್ ಮುಟ್ಟೂದು ತಗದ ಬಿಡೂಣು. ಕೈ ಮುಗದ್ರ ಸಾಕು. ನಾಟಕ ಉಳೀಬೇಕಲ್ಲಪಾ.”

“ನೀವು ಬರೆದದ್ದು ಕಾಲು ಹಿಡಿಯುತ್ತಾನೆ ಎಂದು. ಪಾರ್ಟು ಕಾಪಿ ಮಾಡಿದವನು ನಾನು. ಒಂದಕ್ಷರ ಬದಲಾದರೂ ನಾನು ಬಣ್ಣ ಹಚ್ಚುವುದಿಲ್ಲ.”

“ಭಾಳ ಹಟಮಾರಿ ಇದ್ದಿ” ಎಂದರು. ಹೌದು, ಇದ್ದೇನೆ.

15 ಮೇ, ಮಂಗಳವಾರ

ಕಲ್ಯಾಣ. ಬರೆಯಲೇಬೇಕು.

ನಿನ್ನೆ ಹಾಲ್ ತುಂಬಿ ಬಾಗಿಲಲ್ಲೂ ಜನ. ಮುಂದೆ ಮಾಸ್ತರರ ಉತ್ತರ ಕರ್ನಾಟಕದ ಕಡೆಯ ಹೆಂಗಸರು, ಮಕ್ಕಳು ಮರಿ ಕಟ್ಟಿಕೊಂಡು. ಮೂರನೆಯ ಅಂಕ. ಕುಶಲ ಬಂದ. ಅದೇ ಒಂದು ಮೊಳ ದೂರ, ಅದೇ ನೆಲಕ್ಕೆ ನಮಸ್ಕಾರ.

ನಾನು ಬಾಯಿ ಮುಚ್ಚಿ ಕೂತೆ.

ಪರದೆಯ ಮರೆಯಿಂದ ಮಾಸ್ತರರು: “ಏಳು ಮಗ... ಏಳು ಮಗ...” ಕೇಳದವನಂತೆ ಕೂತೆ. ಊರ್ಮಿಳಾ ಸೆರಗು ಕಚ್ಚಿಕೊಂಡು ನೋಡುತ್ತಿದ್ದಾಳೆ. ಆಮೇಲೆ ದೊಡ್ಡಯ್ಯನ ದನಿಯಲ್ಲೇ ಹೇಳಿದೆ: “ರಾಘವಾ, ಅಪ್ಪನ ಕಾಲು ಅಲ್ಲಿಲ್ಲ. ಇಲ್ಲಿದೆ.”

ಜನ ನಕ್ಕರು. ಕುಶಲ ತಲೆಯೆತ್ತಲಿಲ್ಲ.

“ಅವಸರವಿಲ್ಲ ಮಗ. ಇಷ್ಟು ವರ್ಷ ಕಾದಿದ್ದೇನೆ. ಇನ್ನೂ ಕಾಯುತ್ತೇನೆ.”

ಈಗ ಯಾರೂ ನಗಲಿಲ್ಲ. ಅಷ್ಟರಲ್ಲಿ ಎರಡನೇ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು: “ಹಿಡಿಯೋ ಅಪ್ಪನ ಕಾಲು! ಎಂಥಾ ಮಗ ಇದ್ದೀಯೋ ಭಾಡ್ಯಾ! ದೇವರಂಥಾ ಅಪ್ಪ ಕರೀಲಿಕ್ಕತ್ತಾನ, ಕಲ್ಲಿನಾಂಗ ಕುಂತಾನ ನೋಡ!”

ಇಡೀ ಹಾಲ್ ಕೂಗಿತು — ಹಿಡಿ, ಹಿಡಿ.

ಕುಶಲ ಮುಂದೆ ಸರಿದ. ಎರಡೂ ಕೈಯಿಂದ ಹಿಡಿದ. ತಣ್ಣಗಿದ್ದವು ಕೈಗಳು. ಅತ್ತ. ನಾಟಕದ ಅಳುವಲ್ಲ. ನಾನು ಹೇಳಿದೆ: “ಏಳು ಮಗ, ಮನೆ ನಿನ್ನದೇ.” ಚಪ್ಪಾಳೆಗೆ ತಗಡಿನ ಮಾಡು ಹಾರಿಹೋಗಬೇಕು.

ಗ್ರೀನ್‌ರೂಮಿನಲ್ಲಿ ಅವನು ನನ್ನ ಕಡೆ ನೋಡಲಿಲ್ಲ. ಬಲವಂತದಿಂದ ಹಿಡಿಸಿದ್ದರಲ್ಲಿ ಯಾವ ಸುಖ ಎಂದು ಯಾರಾದರೂ ಕೇಳಬಹುದು. ಇತ್ತು, ಸುಖ ಇತ್ತು. ಸುಳ್ಳು ಯಾಕೆ ಹೇಳಲಿ? ಅವನ ಅಳು ಮಾತ್ರ ಬೇಡವಾಗಿತ್ತು.

17 ಮೇ, ಗುರುವಾರ

ಕೆಲಸ ಹೋಯಿತು. ರೂಮೂ ಹೋಯಿತು, ಅದು ಹೋಟೆಲಿನದೇ ತಾನೆ. “ಒಳ್ಳೆ ಮಾತಲ್ಲಿ ಹೇಳಿದೆ, ನೀನು ಕೇಳ್ಲಿಲ್ಲ” ಎಂದರು ಧಣಿ. ಟ್ರಂಕು ಹೊತ್ತು ಕಲ್ಯಾಣಕ್ಕೆ, ಮಾಸ್ತರರ ಮನೆಗೆ ಬಂದೆ. ಅವರ ಹೆಂಡತಿ ಮಹಾದೇವಕ್ಕ ಬೇಸಿಗೆಗೆ ಊರಿಗೆ ಹೋಗಿದ್ದಾರೆ.

“ಅಕಿ ಬಂದ ಮ್ಯಾಲ ಏನಂತಾಳೋ ಗೊತ್ತಿಲ್ಲಪಾ. ಅಲ್ಲೀತನಕ ಇರು” ಎಂದರು ಮಾಸ್ತರರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅದೇ ದೊಡ್ಡದು. ಅವರ ಲೋಟದಲ್ಲೇ ಚಾ ಕೊಟ್ಟರು.

ಥಾಣೆಯ ಆಟಕ್ಕೆ ಧಣಿಯೇ ಮುಖ್ಯ ಅತಿಥಿ. ಹಾಲ್ ಕೊಡಿಸಿದ್ದೂ ಅವರೇ. ಹೊಸ ಹ್ಯಾಂಡ್‌ಬಿಲ್ ಅಚ್ಚಾಗಿದೆಯಂತೆ. ದೊಡ್ಡಯ್ಯ — ಆನಂದ. ಬೇರೆ ದೊಡ್ಡಯ್ಯ ಸಿಕ್ಕಿದ್ದರೆ ನನ್ನನ್ನು ಬಿಡುತ್ತಿದ್ದರು. ನಾಲ್ಕು ದಿನದಲ್ಲಿ ಯಾರಿಗೆ ಬಾಯಿಪಾಠ ಆಗುತ್ತದೆ?

21 ಮೇ, ಸೋಮವಾರ. ಥಾಣೆ, ಗ್ರೀನ್‌ರೂಮ್. ಸಂಜೆ ಆರೂಕಾಲು

ಬಣ್ಣ ಹಚ್ಚಿ ಆಯಿತು. ರೂಮಿನವರು ಒಬ್ಬರೂ ಮಾತಾಡಿಸಲಿಲ್ಲ. ಊರ್ಮಿಳಾ ಪಕ್ಕದಲ್ಲೇ ಕೂತು ತನ್ನ ಮಾತು ಉರು ಹೊಡೆಯುತ್ತಿದ್ದಾಳೆ. ಅವಳಿಗೆ ಈಗ ಎಲ್ಲ ಗೊತ್ತು. “ತೋ ಕ್ಯಾ ಹುವಾ” ಎಂದಳು, ಅಷ್ಟೆ.

ಕುಶಲ ಬಂದ. ಆಟಕ್ಕೆ ಮೊದಲು ಮೈಕಿನಲ್ಲಿ ಎಲ್ಲರ ಹೆಸರು ಹೇಳುವವನು ಅವನೇ, ದನಿ ಗಟ್ಟಿ ಎಂದು. ಕೈಯಲ್ಲಿ ಹೊಸ ಹ್ಯಾಂಡ್‌ಬಿಲ್.

“ಇವತ್ತು ಕಾಲು ಹಿಡೀಲಿಕ್ಕೆ ನನ್ನಿಂದ ಆಗುದಿಲ್ಲ” ಎಂದ. “ಧಣಿ ಎದುರು ಕೂತಿದ್ದಾರೆ. ಅವತ್ತಿನ ಹಾಗೆ ನನ್ನನ್ನು ಕೂರಿಸಬೇಡ, ನಿನ್ನ ದಮ್ಮಯ್ಯ.”

ನೋಡಿದೆ. ಕಣ್ಣ ಕೆಳಗೆ ಕಪ್ಪು. ಅವನೂ ನಿದ್ರೆ ಮಾಡಿಲ್ಲ.

“ಆಯ್ತು. ಹಿಡೀಬೇಡ. ಕೂರಿಸುವುದಿಲ್ಲ” ಎಂದೆ. “ಆದ್ರೆ ಮೈಕಿನಲ್ಲಿ ಹೇಳುವಾಗ ನನ್ನ ಹೆಸರು ಹೇಳು. ಅಲ್ಲಿ ಬರೆದದ್ದಲ್ಲ. ನನ್ನದು.”

ಹ್ಯಾಂಡ್‌ಬಿಲ್ ಸುರುಳಿ ಸುತ್ತಿದ. ಹೋದ.

ಈಗ ಮೈಕಿನ ಮುಂದೆ ಇದ್ದಾನೆ. ಇಲ್ಲಿಗೆ ಚೆನ್ನಾಗಿ ಕೇಳುತ್ತದೆ. ಮುಖ್ಯ ಅತಿಥಿಗಳಿಗೆ ಸ್ವಾಗತ. ರಚನೆ, ನಿರ್ದೇಶನ, ಶಿವರಾಯ ಮಾಸ್ತರರು. ದೊಡ್ಡಯ್ಯನ ಪಾತ್ರದಲ್ಲಿ... ಆನ... ನಿಂತ. ಕೆಮ್ಮಿದ. ಊರ್ಮಿಳಾ ನನ್ನ ತೋಳು ಹಿಡಿದಿದ್ದಾಳೆ, ಅಕ್ಷರ ಸೊಟ್ಟಗಾಗುತ್ತಿದೆ.

ಹೇಳಿದ. ಅಂಗಾರ. ಮತ್ತೆ ಇನ್ನೊಮ್ಮೆ, ಗಟ್ಟಿಯಾಗಿ: ದೊಡ್ಡಯ್ಯನ ಪಾತ್ರದಲ್ಲಿ, ನಮ್ಮ ರೂಮಿನ ಅಂಗಾರ.

ನಮ್ಮ ರೂಮಿನ!

ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಒಂದು. ಎರಡು. ಇನ್ನೂ ಸರಿಯುತ್ತಿವೆ. ಧಣಿಯೋ, ಮತ್ಯಾರೋ. ಮಾಸ್ತರರು ಪರದೆಯ ಸಂದಿಯಿಂದ ನೋಡಿ ನನ್ನ ಕಡೆ ತಿರುಗಿದರು. ಏನೂ ಹೇಳಬೇಡಿ ಎಂದು ಕೈ ಮಾಡಿದೆ. ಬೆಲ್ ಹೊಡೆದರು. ಏಳುವವರು ಎದ್ದು ಹೋಗಲಿ, ಇಡೀ ಸಾಲು ಖಾಲಿಯಾಗಲಿ, ನಾನಂತೂ —